ಜೇಬಿನ ಮೇಲೆ ಒಂದು ನೂಲು

ನಮ್ಮೂರಿನಲ್ಲಿ ಸಲ್ಲದ ಪದಕ ಭಾರವಾಗುತ್ತದೆ. ಸಲ್ಲುವ ಪದಕ ಎದೆಯ ಮೇಲೆ ಇದೆಯೋ ಬಿದ್ದುಹೋಯಿತೋ ಎಂದು ಮುಟ್ಟಿ ನೋಡಿಕೊಳ್ಳಬೇಕು, ಅಷ್ಟು ಹಗುರ. ಸಲ್ಲದ್ದು ಒಳಕಲ್ಲಿನ ಗುಂಡು ತೂಗುಹಾಕಿದ ಹಾಗೆ ಜಗ್ಗುತ್ತದೆ. ಪದಕ ಧರಿಸುವುದು ಎಡ ಎದೆಗೆ. ಆದ್ದರಿಂದ ನಮ್ಮೂರಿನ ದೊಡ್ಡ ಮನುಷ್ಯರೆಲ್ಲ ಎಡಕ್ಕೆ ವಾಲಿಕೊಂಡೇ ಓಡಾಡುತ್ತಾರೆ. ಪರಸ್ಥಳದವರು ಮೊದಲ ದಿನ ನೋಡಿ ನಗುತ್ತಾರೆ. ಮೂರನೆಯ ದಿನಕ್ಕೆ ತಾವೇ ಕತ್ತು ಓರೆ ಮಾಡಿಕೊಂಡು ಮಾತನಾಡಿಸಲು ಕಲಿತಿರುತ್ತಾರೆ.

ಊರು ಇದಕ್ಕೆ ಹೊಂದಿಕೊಂಡು ಎಷ್ಟೋ ಕಾಲವಾಯಿತು. ಬಡಗಿಗಳು ಸಭೆಯ ಕುರ್ಚಿಗಳಿಗೆ ಎಡಗಡೆಯ ಕೈಯನ್ನು ನಾಲ್ಕು ಬೆರಳು ಎತ್ತರಿಸಿಯೇ ಮಾಡುತ್ತಾರೆ. ಚಪ್ಪಲಿ ಹೊಲಿಯುವವರು ಬಲಗಾಲಿನ ಜೋಡಿನ ಅಟ್ಟೆಯೊಳಗೆ ಸೀಸ ತುಂಬಿಕೊಡುತ್ತಾರೆ. ಫೋಟೋ ಸ್ಟುಡಿಯೋದವನ ಪರದೆಯ ಮೇಲೆ ಬರೆದಿರುವ ಅರಮನೆ, ಕಾರಂಜಿ, ತೆಂಗಿನಮರ ಎಲ್ಲವೂ ಓರೆಯಾಗಿವೆ. ಅದರ ಮುಂದೆ ನಿಂತ ಗಣ್ಯರು ಚಿತ್ರದಲ್ಲಿ ನೆಟ್ಟಗೆ ಕಾಣಿಸುತ್ತಾರೆ. ಮೊದಮೊದಲು ವಾಲುವುದು ನಾಚಿಕೆಯ ವಿಷಯವಾಗಿತ್ತಂತೆ. ಈಗ ಹೆಣ್ಣು ಕೊಡುವವರು "ಹುಡುಗ ಎಷ್ಟು ವಾಲ್ತಾನೆ?" ಎಂದು ಕೇಳುತ್ತಾರೆ. ಒಂದು ಪದಕವೂ ಇಲ್ಲದ ಪಡ್ಡೆ ಹುಡುಗರು ಕನ್ನಡಿಯ ಮುಂದೆ ವಾಲುವುದನ್ನು ಅಭ್ಯಾಸ ಮಾಡುತ್ತಾರೆ. ನೆಟ್ಟಗೆ ನಿಲ್ಲುವುದು ನಮ್ಮಲ್ಲಿ ಬಡತನದ ಗುರುತು.

ಈ ಊರಿನ ಪಡೆಯ ಉಡುಪು ಕಚೇರಿಯಲ್ಲಿ ಪದಕ ಚುಚ್ಚುವ ಕೆಲಸ ನನ್ನದು. ಹೆಸರು ತಿಮ್ಮರಾಯ. ಇದು ಕಚೇರಿಯ ಹಾಜರಿ ಪುಸ್ತಕದಲ್ಲಿರುವ ಹೆಸರು. ನನ್ನ ಲೇಖನಗಳ ಕೆಳಗೆ ನಾನು 'ಕೆಂಡ' ಎಂದು ಬರೆದುಕೊಳ್ಳುತ್ತೇನೆ. ಪ್ರತಿ ಭಾನುವಾರ ಹಿಟ್ಟಿನ ಗಿರಣಿಯ ಅಟ್ಟದ ಮೇಲೆ ನಮ್ಮ ಓದು ಬಳಗ ಸೇರುತ್ತದೆ. ಕೆಳಗೆ ಗಿರಣಿ ಗುಡುಗುತ್ತಿರುತ್ತದೆ, ಮೇಲೆ ನಾವು. ಆಳುವವರನ್ನು ಮೂರು ತಾಸು ಸುಟ್ಟು ಬೂದಿ ಮಾಡಿ ಇಳಿದು ಬರುವಾಗ ನಮ್ಮ ತಲೆ, ಮೀಸೆ, ಹುಬ್ಬು ಎಲ್ಲ ಹಿಟ್ಟು ಮೆತ್ತಿ ಬೆಳ್ಳಗಾಗಿರುತ್ತವೆ. ದಾರಿಯಲ್ಲಿ ಹೆಂಗಸರು, "ಓ, ಬೆಂಕಿ ಹಚ್ಚೋಕೆ ಹೋಗಿದ್ದೋರು ರೊಟ್ಟಿ ತಟ್ಕಂಡ್ ಬಂದ್ರು" ಎಂದು ನಗುತ್ತಾರೆ.

ಬಳಗದಲ್ಲಿ ನಾನು ಓದಿದ ಮೊದಲ ಲೇಖನದ ಹೆಸರು 'ಬಿಲ್ಲೆಗಳ ರಾಜ್ಯ'. ಪದಕ, ಬಿಲ್ಲೆ, ಭುಜದ ಪಟ್ಟಿ ಎಲ್ಲವನ್ನೂ ಕಿತ್ತು ಕೆರೆಗೆ ಎಸೆಯಬೇಕೆಂದು ಅದರಲ್ಲಿ ಇಪ್ಪತ್ತಾರು ಕಡೆ ಬರೆದಿದ್ದೆ. ಆ ಲೇಖನದ ಅಕ್ಷರ ಚೆನ್ನಾಗಿದೆಯೆಂದು ಯಾರೋ ಹೇಳಿ, ಉಡುಪು ಕಚೇರಿಯವರು ನನ್ನನ್ನು ಕರೆದು ಕೆಲಸ ಕೊಟ್ಟರು. ನಾನು ಒಪ್ಪಿಕೊಂಡೆ. ವ್ಯವಸ್ಥೆಯನ್ನು ಒಳಗಿನಿಂದ ಸಡಿಲಿಸುತ್ತೇನೆ ಎಂದು ಬಳಗಕ್ಕೆ ಹೇಳಿದೆ. ಬಳಗದ ಹಿರಿಯರಾದ ಪಾಲಯ್ಯ ಮೇಷ್ಟ್ರು ಕನ್ನಡಕ ಒರೆಸುತ್ತಾ, "ಒಳಗಡೆ ಹೋದೋನ್ದು ಮೊದ್ಲು ಸಡಿಲ ಆಗೋದು ಸೊಂಟ ಕಣೋ ತಿಮ್ಮ" ಎಂದಿದ್ದರು. ಮೇಷ್ಟ್ರಿಗೆ ವಯಸ್ಸಾಯಿತು ಎಂದುಕೊಂಡೆ.

ಹನ್ನೊಂದು ವರ್ಷಗಳಲ್ಲಿ ನಾನು ಸಡಿಲಿಸಿದ್ದು ಏನನ್ನೂ ಇಲ್ಲ. ಬದಲಿಗೆ, ಪದಕ ಮತ್ತು ಬಿಲ್ಲೆಗಳನ್ನು ಸರಿಯಾಗಿ ಧರಿಸುವ ಬಗೆಗೆ ಒಂದು ಕೈಪಿಡಿಯನ್ನೇ ಬರೆದುಕೊಟ್ಟೆ. ಒಟ್ಟು ನಲವತ್ತೊಂದು ನಿಯಮಗಳು. ದೊಡ್ಡ ಪದಕ ಎದೆಯ ನಡುವಿಗೆ ಹತ್ತಿರ, ಚಿಕ್ಕದು ತೋಳಿನ ಕಡೆಗೆ. ಕಾಲರಿನ ಬಿಲ್ಲೆಯ ಹುಲಿಮುಖ ಒಂದಕ್ಕೊಂದು ಎದುರಾಗಿರಬೇಕು, ಬೆನ್ನು ಹಾಕಿರಬಾರದು. ಸ್ವಂತ ಪದಕ ಎಡಗಡೆ. ಸತ್ತವರ ಪದಕವನ್ನು ಮನೆಯವರು ಧರಿಸುವುದಾದರೆ ಬಲಗಡೆ. ಇದು ಒಂಬತ್ತನೆಯ ನಿಯಮ. ಯಾವ ಕಡೆಯಾದರೂ ಪದಕದ ಪಟ್ಟಿ ಜೇಬಿನ ಮೇಲಂಚಿನಿಂದ ಸರಿಯಾಗಿ ಒಂದು ನೂಲು ಮೇಲಿರಬೇಕು, ಇದು ಹನ್ನೊಂದನೆಯದು. ನೂಲು ಎಂದರೆ ದರ್ಜಿಗಳ ಲೆಕ್ಕದಲ್ಲಿ ಒಂದು ಇಂಚಿನ ಎಂಟನೇ ಒಂದು ಪಾಲು. 'ತಕ್ಕದ್ದು', 'ಕೂಡದು', 'ಹೊರತಾಗಿ' ಎಂಬ ಮೂರು ಪದಗಳನ್ನು ಇಷ್ಟು ಸೊಗಸಾಗಿ ಯಾರೂ ಬಳಸಿಲ್ಲವೆಂದು ನನಗೇ ಒಳಗೊಳಗೆ ಹೆಮ್ಮೆಯಿತ್ತು. ಅದಕ್ಕಾಗಿ ನನಗೂ ಒಂದು ಪದಕ ಬಂತು, ಕರ್ತವ್ಯನಿಷ್ಠೆಯದು. ಚುಚ್ಚಿಕೊಂಡ ಗಳಿಗೆಯೇ ಎರಡು ಬೆರಳಿನಷ್ಟು ಎಡಕ್ಕೆ ವಾಲಿದೆ. ಬಳಗದಲ್ಲಿ ಕೇಳಿದವರಿಗೆ, "ನಾನು ಮೊದಲಿನಿಂದಲೂ ಎಡಪಂಥೀಯನೇ ತಾನೆ" ಎಂದೆ. ಯಾರೂ ನಗಲಿಲ್ಲ.

ಕೈಪಿಡಿಯ ಇಪ್ಪತ್ತು ಪ್ರತಿಗಳನ್ನು ಬಳಗಕ್ಕೂ ಹಂಚಿದ್ದೆ. ತಿಂಗಳು ಕಳೆದ ಮೇಲೆ ಹೇಗಿದೆಯೆಂದು ಕೇಳಿದೆ. ಪಾಲಯ್ಯ ಮೇಷ್ಟ್ರು, "ನಮ್ದು ಓದು ಬಳಗ ಹೌದು ಕಣಪ್ಪ. ಹಂಗಂತ ಕೊಟ್ಟಿದ್ದೆಲ್ಲಾ ಓದ್ತೀವಾ?" ಎಂದರು.

ಇಷ್ಟೆಲ್ಲ ಹೇಳಿದ್ದು ಬೊಮ್ಮಕ್ಕನ ವಿಷಯಕ್ಕೆ ಬರಲು. ಹೆಸರಿನ ದಿನಕ್ಕೆ ಒಂದು ದಿನ ಬಾಕಿಯಿತ್ತು. ಹೆಸರಿನ ದಿನ ಎಂದರೆ ಪಡೆಯ ಕೆಲಸದಲ್ಲಿದ್ದು ಸತ್ತವರ ಹೆಸರುಗಳನ್ನು ಮೈದಾನದಲ್ಲಿ ಗಟ್ಟಿಯಾಗಿ ಓದುವ ದಿನ. ಸತ್ತವರ ಮನೆಯವರೊಬ್ಬರು ಅವರ ಕೋಟು ತೊಟ್ಟು, ಪದಕ ಧರಿಸಿ ಸಾಲಿನಲ್ಲಿ ನಿಲ್ಲಬೇಕು. ಪದಕ ನಿಯಮದ ಪ್ರಕಾರ ಇದ್ದರೆ ಹೆಸರು ಓದುತ್ತಾರೆ. ಇಲ್ಲದಿದ್ದರೆ ಆ ವರ್ಷ ಬಿಡುತ್ತಾರೆ. ಒಂದರ ಹಿಂದೆ ಒಂದು ಎರಡು ವರ್ಷ ಬಿಟ್ಟುಹೋದ ಹೆಸರನ್ನು ಪಟ್ಟಿಯಿಂದಲೇ ಹೊಡೆದುಹಾಕುತ್ತಾರೆ. ಆಮೇಲೆ ಆ ಮನುಷ್ಯ ಪಡೆಯಲ್ಲಿ ಇದ್ದನೆಂಬುದಕ್ಕೆ ಯಾವ ಕಾಗದವೂ ಇರುವುದಿಲ್ಲ.

ಮಧ್ಯಾಹ್ನ ಊಟ ಮುಗಿಸಿ ಕೂತಿದ್ದೆ. ಐವತ್ತು ದಾಟಿದ ಹೆಂಗಸೊಬ್ಬಳು ಕಂಕುಳಲ್ಲಿ ಒಂದು ಖಾಕಿ ಕೋಟು ಇಟ್ಟುಕೊಂಡು ಬಾಗಿಲಲ್ಲಿ ನಿಂತಳು. ಕಂಬ ನಿಲ್ಲಿಸಿದಷ್ಟು ನೆಟ್ಟಗೆ ನಿಂತಿದ್ದಳು.

"ಪುಸ್ತ್ಕ ಬರ್ದಿರೋ ತಿಮ್ಮಣ್ಣ ನೀನೇನಾ?" ಎಂದಳು.

ಕೈಪಿಡಿಯನ್ನು ಓದಿದವರೊಬ್ಬರು ಸಿಕ್ಕರಲ್ಲ ಎಂದು ನನಗೆ ಹಿಗ್ಗಾಯಿತು. "ಹೌದಮ್ಮಾ. ಓದಿದ್ರಾ?"

"ನಂಗೆ ಓದಾಕೆ ಬರಲ್ಲ. ಹೋದ್ವರ್ಸ ನಿನ್ ಪುಸ್ತ್ಕ ತೋರ್ಸೇ ನನ್ನ ಸಾಲಿಂದ ಈಚೆಗೆ ಹಾಕಿದ್ರು."

ಅವಳ ಗಂಡ ಮೈಲಾರಪ್ಪ ಪಡೆಯ ಅಡುಗೆಮನೆಯಲ್ಲಿ ಹದಿನೆಂಟು ವರ್ಷ ದುಡಿದವನು. ಹೋದ ವರ್ಷದ ಹೆಸರಿನ ದಿನಕ್ಕೆ ಆರು ತಿಂಗಳು ಮುಂಚಿನ ಪ್ರವಾಹದಲ್ಲಿ ಹೊಳೆಯಾಚೆಯ ಠಾಣೆಯ ಇನ್ನೂರು ಜನ ಸಿಕ್ಕಿಹಾಕಿಕೊಂಡಿದ್ದರು. ಅವರಿಗೆ ದಿನಾ ಅನ್ನ ಮುದ್ದೆ ಸಾಗಿಸುತ್ತಿದ್ದ ದೋಣಿ ಹದಿನಾಲ್ಕನೆಯ ದಿನ ಮಗುಚಿಕೊಂಡು ಅವನು ಹೋದ. ಠಾಣೆಗೆ ಅನ್ನ ಮುಟ್ಟಿಸಿದ್ದಕ್ಕಾಗಿ 'ಅನ್ನ ನಕ್ಷತ್ರ' ಎಂಬ ದೊಡ್ಡ ಪದಕ ಬಂದದ್ದು ಕರ್ನಲ್ ಇಂದುಧರ ಸಾಹೇಬರಿಗೆ. ಆ ಹದಿನಾಲ್ಕು ದಿನವೂ ಸಾಹೇಬರು ಗುಡ್ಡದ ಮೇಲಿನ ಬಂಗಲೆಯಲ್ಲಿ ದುರ್ಬೀನು ಹಿಡಿದುಕೊಂಡಿದ್ದರು. ಆ ನಕ್ಷತ್ರವನ್ನು ಅವರ ಎದೆಗೆ ಚುಚ್ಚಿದವನೂ ನಾನೇ. ಚುಚ್ಚಿದ ತಕ್ಷಣ ಅವರು ನನ್ನ ಮೈಮೇಲೆ ವಾಲಿದರು, ಹಿಡಿದುಕೊಂಡೆ, "ಅಭಿನಂದನೆಗಳು ಸಾರ್" ಎಂದೆ. ಮೈಲಾರಪ್ಪನಿಗೆ ಬಂದದ್ದು ಹದಿನೆಂಟು ವರ್ಷದ ಸೇವಾ ಪದಕ. ಹಿತ್ತಾಳೆಯದು, ರೂಪಾಯಿಯಗಲ.

ಬೊಮ್ಮಕ್ಕ ಕೋಟನ್ನು ಮೇಜಿನ ಮೇಲೆ ಹರವಿದಳು. ಅಡುಗೆಯವರ ಕೋಟಿಗೆ ಒಂದೇ ಜೇಬು. ಅದು ಎಡಗಡೆ. ಒಂಬತ್ತನೆಯ ನಿಯಮದ ಪ್ರಕಾರ ಹೆಂಡತಿ ಪದಕವನ್ನು ಬಲಗಡೆ ಹಾಕಿಕೊಳ್ಳಬೇಕು. ಹನ್ನೊಂದನೆಯದರ ಪ್ರಕಾರ ಜೇಬಿನ ಮೇಲೆ ಒಂದು ನೂಲು. ಬಲಗಡೆ ಜೇಬೇ ಇಲ್ಲ. ಬಲಗಡೆ ಹಾಕಿಕೊಂಡರೆ ಹನ್ನೊಂದು ತಪ್ಪುತ್ತದೆ, ಜೇಬಿನ ಮೇಲೆ ಹಾಕಿಕೊಂಡರೆ ಒಂಬತ್ತು. ನಿಯಮ ಬರೆಯುವಾಗ ನನ್ನ ಕಣ್ಣ ಮುಂದೆ ಇದ್ದದ್ದು ನಾಲ್ಕು ಜೇಬಿನ ಅಧಿಕಾರಿಗಳ ಕೋಟು. ಅಡುಗೆಯವರಿಗೂ ಒಂದು ಎದೆ ಇರುತ್ತದೆ ಎಂದು ಕೆಂಡಕ್ಕೆ ಹೊಳೆದಿರಲಿಲ್ಲ.

"ಹೋದ್ವರ್ಸ ಬಲಗಡೀಕೆ ಹಾಕ್ಕಂಡ್ ನಿಂತಿದ್ದೆ," ಎಂದಳು ಬೊಮ್ಮಕ್ಕ. "ಸ್ಕೇಲ್ ಹಿಡ್ಕಂಡ್ ಬಂದೋನು ಎಲ್ಲಿಂದ ಅಳೀಲಿ, ಜೇಬೆಲ್ಲಿ ಅಂದ. ನನ್ನ ಕೇಳಿದ್ರೆ? ಹೊಲ್ದೋರ್ನ ಕೇಳು ಅಂದೆ. ಈಚೆಗ್ ನಿಲ್ಲಮ್ಮ ಅಂದ. ಈ ವರ್ಸಾನೂ ಹಂಗೇ ಆದ್ರೆ ಹೆಸ್ರು ಹೊಡೆದಾಕ್ತಾರಂತೆ. ಹೌದಾ?"

ಸ್ಕೇಲು ಹಿಡಿದುಕೊಂಡು ಬಂದವನು ನಾನಲ್ಲ. ಹೋದ ವರ್ಷ ನನಗೆ ಜ್ವರವಾಗಿ ರಜೆಯಲ್ಲಿದ್ದೆ. ಆ ಒಂದು ಸಂಗತಿಗಾಗಿ ನನ್ನ ಜ್ವರಕ್ಕೆ ಕೈ ಮುಗಿದೆ. "ಹೌದಮ್ಮಾ. ಆದರೆ ಈ ವರ್ಷ ಹಾಗಾಗುವುದಿಲ್ಲ," ಎಂದೆ. ಉಪಾಯ ಆಗಲೇ ಹೊಳೆದಿತ್ತು. ಒಂದು ತುಂಡು ಖಾಕಿ ಬಟ್ಟೆ ತೆಗೆದು ಬಲಗಡೆಗೂ ಒಂದು ಜೇಬು ಹೊಲಿದುಬಿಟ್ಟೆ. ಮೆಷಿನ್ನು ತುಳಿಯುತ್ತಿದ್ದ ಹಾಗೆ ನನ್ನೊಳಗಿನ ಬಳಗ ಎದ್ದು ಕೂತಿತು. ಬಾಯಿ ಬಿಟ್ಟೆ. ಕಾಲ ಕೆಳಗೆ ಮೆಷಿನ್ನು, ಮೇಲೆ ನಾನು.

"ನೋಡಮ್ಮಾ, ನ್ಯಾಯವಾಗಿ ಆ ಅನ್ನ ನಕ್ಷತ್ರ ನಿಮ್ಮ ಯಜಮಾನರದು. ಬೇಯಿಸಿದವರು ಯಾರು, ಹೊತ್ತವರು ಯಾರು, ಮುಳುಗಿದವರು ಯಾರು? ಪದಕ ಮಾತ್ರ ದುರ್ಬೀನಿಗೆ! ಇದು ಶತಮಾನಗಳಿಂದ ನಡೆದುಬಂದಿರೋ ಕಳ್ಳತನ. ದುಡಿಯೋರ ಬೆವರನ್ನ ಬಿಲ್ಲೆ ಮಾಡಿ ಎದೆಗೆ ಹಾಕ್ಕೊಳ್ಳೋ ಈ ವರ್ಗ ಇದೆಯಲ್ಲ..."

"ದಾರ ತಿರುಚ್ಕಂತಿದೆ, ನೋಡ್ಕ" ಎಂದಳು ಬೊಮ್ಮಕ್ಕ.

ಕೋಟನ್ನು ಅವಳು ಸೀರೆಯ ಮೇಲೆ ತೊಟ್ಟುಕೊಂಡಳು. ಪದಕವನ್ನು ಹುಣಸೆಹಣ್ಣು ಹಚ್ಚಿ ಉಜ್ಜಿದ್ದಳು, ಅದರಲ್ಲಿ ಮುಖ ಕಾಣಿಸುತ್ತಿತ್ತು. ಪಿನ್ನು ತೆಗೆದುಕೊಂಡೆ. ಭಾಷಣ ಅಷ್ಟರಲ್ಲಿ ತಾರಕಕ್ಕೆ ಹೋಗಿತ್ತು. ವ್ಯವಸ್ಥೆಯ ಬುಡ ಅಲುಗಾಡುವ ದಿನ ದೂರವಿಲ್ಲ ಎನ್ನುತ್ತಾ, ಹನ್ನೊಂದು ವರ್ಷಗಳ ಅಭ್ಯಾಸದ ಕೈಯಿಂದ, ಜೇಬಿನ ಮೇಲೆ ಒಂದು ನೂಲು ಅಳೆದು, ಕೂದಲೆಳೆಯಷ್ಟೂ ಓರೆಯಾಗದಂತೆ ಚುಚ್ಚಿದೆ. "ಈಗ ಯಾರು ಬಂದು ಅಳೆದರೂ ತಪ್ಪು ಹುಡುಕೋಕಾಗಲ್ಲ" ಎಂದೆ. ಬೊಮ್ಮಕ್ಕ ಎದೆಯ ಕಡೆಗೊಮ್ಮೆ ನೋಡಿಕೊಂಡಳು. ಏನೋ ಹೇಳಲು ಬಾಯಿ ತೆರೆದವಳು ಹಾಗೇ ಸುಮ್ಮನಾದಳು. "ಬತ್ತೀನಿ ತಿಮ್ಮಣ್ಣ" ಎಂದು ಹೋದಳು. ಅವಳು ಹೋದ ಮೇಲೂ ಖಾಲಿ ಬಾಗಿಲಿಗೆ ನಾನು ಇನ್ನೂ ನಾಲ್ಕು ಮಾತು ಹೇಳಿದೆ.

ಮಾರನೆಯ ಬೆಳಗ್ಗೆ ಮೈದಾನದಲ್ಲಿ ಸತ್ತವರ ಮನೆಯವರು ಎರಡು ಸಾಲಾಗಿ ನಿಂತಿದ್ದರು. ನಲವತ್ತಕ್ಕೆ ಎರಡು ಕಡಿಮೆ. ಹೆಚ್ಚಿನವರು ಹೆಂಗಸರು. ಪದಕಗಳೆಲ್ಲ ಬಲಗಡೆ ಮಿನುಗುತ್ತಿದ್ದವು. ವೇದಿಕೆಯ ಮೇಲೆ ಗಣ್ಯರು ಗಾಳಿಗೆ ಬಾಗಿದ ಜೋಳದ ದಂಟಿನ ಹಾಗೆ ಒಂದೇ ಕಡೆಗೆ ವಾಲಿ ಕೂತಿದ್ದರು. ಕರ್ನಲ್ ಇಂದುಧರ ಸಾಹೇಬರು ತಪಾಸಣೆಗೆ ಇಳಿದರು. ಅವರ ಎದೆಯ ಮೇಲೆ ಹನ್ನೊಂದು ಪದಕ. ಎಡಗಡೆ ಒಬ್ಬ ಆಳು ಅವರ ತೋಳಿನ ಕೆಳಗೆ ಹೆಗಲು ಕೊಟ್ಟುಕೊಂಡು ನಡೆಯುತ್ತಿದ್ದ. ಎರಡು ಹೆಜ್ಜೆ ಹಿಂದೆ ಹಿತ್ತಾಳೆ ಸ್ಕೇಲು ಹಿಡಿದು ನಾನು. ಅವರು ಒಬ್ಬೊಬ್ಬರ ಮುಂದೆಯೂ ನಿಲ್ಲುತ್ತಿದ್ದರು, ನಾನು ಅಳೆದು "ಸರಿ" ಎನ್ನುತ್ತಿದ್ದೆ. ಮುಂದಿನ ಸಾಲಿನ ಆರನೆಯವಳು ಬೊಮ್ಮಕ್ಕ.

ಇನ್ನೂ ಮೂವರು ಇರುವಾಗಲೇ ಕಂಡೆ. ಪದಕ ಎಡಗಡೆ ಇತ್ತು. ನಾನು ಹೊಲಿದುಕೊಟ್ಟ ಹೊಸ ಜೇಬು ಬಲಗಡೆ ಖಾಲಿಯಾಗಿ ನನ್ನನ್ನೇ ನೋಡುತ್ತಿತ್ತು. ಭಾಷಣದ ಭರದಲ್ಲಿ ಹಳೆಯ ಜೇಬಿನ ಮೇಲೆ ಚುಚ್ಚಿದ್ದೆ. ಎಡ ಬಲ ಗೊತ್ತಿಲ್ಲದ ಎಡಪಂಥೀಯ ಎಂದು ಪಾಲಯ್ಯ ಮೇಷ್ಟ್ರು ಇನ್ನು ಹತ್ತು ವರ್ಷ ಹೇಳಿಕೊಂಡು ನಗುವುದು ಆ ಕ್ಷಣಕ್ಕೆ ನೆನಪಾಯಿತು. ಅವಳ ಗಂಡನ ಹೆಸರು ಹೊಡೆದುಹೋಗುವುದು ಆಮೇಲೆ ನೆನಪಾಯಿತು. ಈ ಕ್ರಮವನ್ನು ನಾನು ಮರೆಮಾಚುವುದಿಲ್ಲ.

ಅಳೆಯುವ ನೆಪದಲ್ಲಿ ಮುಂದೆ ನುಗ್ಗಿ ಅವಳ ಮುಂದೆ ಬಗ್ಗಿದೆ. "ಬೊಮ್ಮಕ್ಕ, ತಪ್ಪಾಗಿದೆ. ಎಡಗಡೆ ಹಾಕಿಬಿಟ್ಟಿದ್ದೀನಿ. ಅಲುಗಾಡಬೇಡಿ, ಬಿಚ್ಚಿ ಆ ಕಡೆಗೆ ಹಾಕ್ತೀನಿ" ಎಂದು ಪಿಸುಗುಟ್ಟಿದೆ.

"ನಿನ್ನೇನೇ ಗೊತ್ತಾಯ್ತು ನಂಗೆ," ಎಂದಳು. ಅವಳಿಗೆ ಪಿಸುಗುಟ್ಟುವ ಅಭ್ಯಾಸವಿರಲಿಲ್ಲ.

"ಮತ್ತೆ ಹೇಳಬಾರದಾಗಿತ್ತಾ?"

"ಹೇಳನ ಅಂತಿದ್ದೆ. ಹಾಕಿದ್ ಮ್ಯಾಲೆ ನೋಡ್ಕಂಡ್ರೆ ಹಗೂರವಾಗಿತ್ತು. ಭಾರಾನೇ ಇಲ್ಲ. ಇದೇನಪ್ಪಾ ಹಿಂಗೆ ಅಂದ್ಕಂಡು ಮನೆಗೋಗಿ ರಾತ್ರಿ ಊಟಕ್ಕೂ ಬಿಚ್ಚಲಿಲ್ಲ."

ಆಗಲೇ ನಾನು ಅವಳನ್ನು ಸರಿಯಾಗಿ ನೋಡಿದ್ದು. ಸತ್ತವರ ಪದಕ ಎಡಗಡೆ ಹಾಕಿಕೊಂಡವರು ಸಾಲಿನಿಂದಾಚೆಗೆ ಉರುಳಿಬೀಳಬೇಕಿತ್ತು. ಹಿಂದೊಮ್ಮೆ ಅಣ್ಣನ ಪದಕ ಕದ್ದು ಎಡಕ್ಕೆ ಚುಚ್ಚಿಕೊಂಡವನು ಸಂತೆಬೀದಿಯ ಚರಂಡಿಗೆ ಬಿದ್ದದ್ದನ್ನು ಊರೇ ನೋಡಿದೆ. ಬೊಮ್ಮಕ್ಕ ನೇರವಾಗಿ ನಿಂತಿದ್ದಳು. ಇಡೀ ಮೈದಾನದಲ್ಲಿ ಎಡಗಡೆ ಪದಕವಿದ್ದೂ ನೆಟ್ಟಗೆ ನಿಂತಿದ್ದವಳು ಅವಳೊಬ್ಬಳೇ.

ಅಷ್ಟರಲ್ಲಿ ಸಾಹೇಬರು ಬಂದೇಬಿಟ್ಟರು. ಆಳು ಅವರನ್ನು ತಿರುಗಿಸಿ ನಿಲ್ಲಿಸಿದ. ಅವರು ಪದಕ ನೋಡಿದರು, ಅವಳ ಮುಖ ನೋಡಿದರು, ನನ್ನನ್ನು ನೋಡಿದರು.

"ಏನ್ರೀ ತಿಮ್ಮರಾಯ, ಇದು ಯಾವ ಕಡೆ?"

"ಎಡ ಸಾರ್."

"ಯಾರ ಪದಕ?"

"ನಮ್ಮ್ಯಜಮಾನ್ರುದು ಸ್ವಾಮಿ. ಬಾಣಸಿಗ ಮೈಲಾರಪ್ಪ," ಎಂದಳು ಬೊಮ್ಮಕ್ಕ.

"ಹಾಗಾದರೆ ಎಡಕ್ಕೆ ಹೇಗಮ್ಮ ಹಾಕಿದೆ? ನೀನೇನು ಪಡೆಯಲ್ಲಿ ಕೆಲಸ ಮಾಡಿದ್ದೆಯಾ?"

"ಅವ್ರು ಸೌದೆ ಒಡೆಯೋರು, ನೀರು ಹೊರೋರು, ಹಂಡೆ ಇಳ್ಸೋರು. ಮುದ್ದೆ ಅವ್ರ ಕೈಲಿ ಗಂಟ್ ಗಂಟಾಗದು. ಇನ್ನೂರು ಜನಕ್ಕೆ ಮುದ್ದೆ ತೊಳ್ಸಿದ್ದು ನಾನು. ಹದಿನೆಂಟ್ ವರ್ಸ. ಹಿಂಬಾಗ್ಲಲ್ಲಿ ಬಂದು ಹಿಂಬಾಗ್ಲಲ್ಲೇ ಹೋಗಿವ್ನಿ, ನಿಮ್ಮ್ ಪುಸ್ತ್ಕದಲ್ಲಿ ಎಲ್ಲಿ ಕಾಣ್ಬೇಕು? ನೀವೂ ತಿಂದಿದೀರಾ. ಒಂದಿನ ಉಪ್ಪು ಜಾಸ್ತಿಯಾಯ್ತು ಅಂತ ಹೇಳಿ ಕಳ್ಸಿದ್ರಿ."

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಸಾಹೇಬರ ಕಿವಿ ಕೆಂಪಾಯಿತು. "ಎಡಗಡೆ ಹಾಕಿಕೊಂಡು ನಿಂತಿದ್ದೀಯಲ್ಲ, ಭಾರವಾಗುತ್ತಿಲ್ಲವೇ?"

"ಇಲ್ಲ ಸ್ವಾಮಿ," ಎಂದಳು ಬೊಮ್ಮಕ್ಕ. ಆಮೇಲೆ ಆಳಿನ ಹೆಗಲಿನ ಮೇಲೆ ಒರಗಿದ್ದ ಅವರನ್ನು ನೋಡಿ, ನಿಜವಾದ ಕನಿಕರದಿಂದಲೇ, "ನಿಮ್ಗೆ?" ಎಂದಳು.

ಆ ಪ್ರಶ್ನೆಯನ್ನು ನಮ್ಮೂರಿನಲ್ಲಿ ಯಾರೂ ಕೇಳುವುದಿಲ್ಲ. ನಾನು ಕೆಂಡದ ಹೆಸರಿನಲ್ಲಿ ಬರೆದ ಅಷ್ಟೂ ಲೇಖನಗಳಲ್ಲಿ ಕೇಳಿರಲಿಲ್ಲ. ಆಳು ಮುಖವನ್ನು ಆ ಕಡೆಗೆ ತಿರುಗಿಸಿಕೊಂಡ. ಕೊನೆಗೆ ಸಾಹೇಬರು ನನಗೆ ಹೇಳಿದರು: "ಒಂಬತ್ತನೆಯ ನಿಯಮ. ನಿಮ್ಮದೇ. ಬಲಕ್ಕೆ ಬದಲಾಯಿಸಿ. ಇಲ್ಲವಾದರೆ ಈಕೆಯನ್ನು ಸಾಲಿನಿಂದ ಆಚೆಗೆ ಕಳಿಸಿ, ಹೆಸರು ಹೊಡೆಯಿರಿ."

ಬಲಕ್ಕೆ ಬದಲಾಯಿಸಬಹುದಿತ್ತು. ಪಿನ್ನು ಬಿಚ್ಚಿ ಹಾಕಲು ಅರೆಗಳಿಗೆ ಸಾಕು. ಹೊಸ ಜೇಬು ಸಿದ್ಧವಾಗಿತ್ತು, ಹೆಸರೂ ಉಳಿಯುತ್ತಿತ್ತು. ನಾನು ಕೈ ಮುಂದೆ ಮಾಡಿದೆ. ಮಾಡಲಿಲ್ಲವೆಂದು ಬರೆದುಕೊಳ್ಳುವ ಆಸೆಯೇನೋ ಇದೆ, ಆದರೆ ನೋಡಿದವರು ಬಹಳ ಜನ. ಬೊಮ್ಮಕ್ಕ ನನ್ನ ಕೈಯನ್ನು ತಡೆಯಲಿಲ್ಲ. "ನೀನೇ ಬರ್ದೋನು. ತೆಗೆಯೋದಾದ್ರೆ ತೆಗಿ. ಅವ್ರ್ ಹೆಸ್ರು ಓದಿದ್ರೆ ಸಾಕು ನಂಗೆ" ಎಂದಳಷ್ಟೆ. ಪದಕದ ಮೇಲೆ ಬೆರಳಿಟ್ಟೆ. ಹಿತ್ತಾಳೆ ಬೆಚ್ಚಗಿತ್ತು. ಎತ್ತಿ ನೋಡಿದೆ, ತೂಕವೇ ಇರಲಿಲ್ಲ. ನನ್ನ ಎದೆಯ ಮೇಲಿನ ಕರ್ತವ್ಯನಿಷ್ಠೆ ಮಾತ್ರ ಆಗ ನನ್ನನ್ನು ಎಷ್ಟು ಜಗ್ಗಿತೆಂದರೆ, ಮುಗ್ಗರಿಸಿ ಅವಳ ಭುಜವನ್ನೇ ಹಿಡಿದುಕೊಳ್ಳಬೇಕಾಯಿತು.

"ನಿಯಮ ನಲವತ್ತೆರಡು, ಸಾರ್" ಎಂದು ಯಾರೋ ಹೇಳಿದರು. ಆ ಯಾರೋ ನಾನೇ.

"ಏನು?"

"ನಿಯಮ ನಲವತ್ತೆರಡು. ಒಂಬತ್ತಕ್ಕೆ ಅಪವಾದ." ಕೈಪಿಡಿಯಲ್ಲಿರುವುದು ನಲವತ್ತೊಂದೇ ನಿಯಮ. ಅದು ಗೊತ್ತಿದ್ದವನು ಈ ಭೂಮಿಯ ಮೇಲೆ ನಾನೊಬ್ಬನೇ. ನನ್ನ ಗದ್ಯವನ್ನು ಯಾರೂ ಓದಿಲ್ಲವೆಂಬ ಹನ್ನೊಂದು ವರ್ಷಗಳ ಸಂಕಟ ಅಂದು ಮೊದಲ ಬಾರಿಗೆ ಉಪಯೋಗಕ್ಕೆ ಬಂತು. ಕಣ್ಣು ಮುಚ್ಚಿಕೊಂಡು ಒಪ್ಪಿಸಿದೆ: "ಒಂದೇ ಪದಕಕ್ಕೆ ಕಾರಣವಾದ ದುಡಿಮೆಯು ಇಬ್ಬರದಾಗಿದ್ದು, ಅವರಲ್ಲಿ ಒಬ್ಬರು ಮೃತರಾಗಿದ್ದ ಪಕ್ಷದಲ್ಲಿ, ಬದುಕುಳಿದವರು ಸದರಿ ಪದಕವನ್ನು ಸ್ವಂತ ಪದಕವೆಂದೇ ಭಾವಿಸಿ ಎಡಗಡೆಗೆ ಧರಿಸತಕ್ಕದ್ದು." ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಒಂದು ವಾಕ್ಯ ಸಾಕೆಂದು ನನಗೆ ಎಂದೂ ಅನ್ನಿಸಿದ್ದಿಲ್ಲ. "ಹೆಸರು ಓದುವಾಗ ಇಬ್ಬರ ಹೆಸರನ್ನೂ ಓದತಕ್ಕದ್ದು."

ಸಾಹೇಬರು ನನ್ನನ್ನೇ ನೋಡಿದರು. ಕೈಪಿಡಿಯ ಮೊದಲ ಪುಟದಲ್ಲಿ ಅವರ ಮುನ್ನುಡಿಯಿದೆ. 'ಇದರ ಪ್ರತಿಯೊಂದು ಅಕ್ಷರವನ್ನೂ ಖುದ್ದಾಗಿ ಪರಿಶೀಲಿಸಿದ್ದೇನೆ' ಎಂದು ಅದರಲ್ಲಿ ಬರೆದಿದೆ. ಆ ಮುನ್ನುಡಿಯನ್ನು ಬರೆದುಕೊಟ್ಟವನು ನಾನು. ವೇದಿಕೆಯ ಮೇಲಿನ ಗಣ್ಯರೆಲ್ಲ ಕೇಳಿಸಿಕೊಳ್ಳಲು ಕತ್ತು ಚಾಚಿದ್ದರು.

"ನಲವತ್ತೆರಡು..." ಎಂದರು ಸಾಹೇಬರು. "ಹಾಂ. ಹೌದು. ಅದೊಂದು ಇದೆ. ಓದಿದ ನೆನಪು."

"ಪುಟ ಐವತ್ತಮೂರು ಸಾರ್" ಎಂದೆ. ಕೈಪಿಡಿಗೆ ಇರುವುದು ಐವತ್ತು ಪುಟ.

"ಗೊತ್ತು ರೀ" ಎಂದು ಗದರಿ, ಅವರು ಮುಂದಿನವಳ ಕಡೆಗೆ ಹೊರಟರು. ಪಟ್ಟಿ ಓದುವ ಗುಮಾಸ್ತನ ಹತ್ತಿರ ಓಡಿಹೋಗಿ, ಮೈಲಾರಪ್ಪನ ಹೆಸರಿನ ಕೆಳಗೆ ಪೆನ್ಸಿಲ್ಲಿನಿಂದ ಇನ್ನೊಂದು ಹೆಸರು ಬರೆಸಿದೆ. ಅವನು, "ತಿಮ್ಮರಾಯಪ್ಪ, ನನ್ನ ಕೆಲ್ಸ ಹೋದ್ರೆ?" ಎಂದ. "ನಿಯಮ ನಲವತ್ತೆರಡು ತೋರಿಸು" ಎಂದೆ. ನನ್ನ ಕೆಲಸ ಹೋದರೆ ಏನು ತೋರಿಸಬೇಕೆಂದು ನನಗೆ ಹೊಳೆಯಲಿಲ್ಲ.

ತಪಾಸಣೆ ಮುಗಿಯಿತು. ಹೆಸರು ಓದುವುದು ಶುರುವಾಯಿತು. ನಮ್ಮಲ್ಲಿ ಅದಕ್ಕೊಂದು ಕ್ರಮವಿದೆ. ಗುಮಾಸ್ತ ಹೆಸರು ಕೂಗುತ್ತಾನೆ. ಸಾಲಿನಲ್ಲಿರುವ ಮನೆಯವರು "ಇಲ್ಲ" ಎನ್ನುತ್ತಾರೆ. ಅದಕ್ಕೆ ಗುಮಾಸ್ತ "ಇದ್ದರು" ಎನ್ನುತ್ತಾನೆ. ಇಷ್ಟೇ. ಇಲ್ಲ, ಇದ್ದರು. ಈ ಎರಡು ಮಾತಿಗಾಗಿ ಜನ ವರ್ಷವಿಡೀ ಹಿತ್ತಾಳೆ ಉಜ್ಜುತ್ತಾರೆ. ಮೊದಲನೆಯ ಹೆಸರು, ಇಲ್ಲ, ಇದ್ದರು. ಎರಡನೆಯದು, ಇಲ್ಲ, ಇದ್ದರು. ಮುದುಕಿಯೊಬ್ಬಳ ದನಿ ಹೊರಡಲೇ ಇಲ್ಲ, ಪಕ್ಕದವಳು ಅವಳ ಪರವಾಗಿ "ಇಲ್ಲ" ಎಂದಳು.

"ಬಾಣಸಿಗ ಮೈಲಾರಪ್ಪ."

"ಇಲ್ಲ" ಎಂದಳು ಬೊಮ್ಮಕ್ಕ. ಅವಳ ಕೈ ಕೋಟಿನ ಅಂಚನ್ನು ಹಿಡಿದುಕೊಂಡಿತ್ತು.

"ಇದ್ದರು" ಎಂದ ಗುಮಾಸ್ತ.

ಅವಳು ಬಂದದ್ದು ಇಷ್ಟಕ್ಕೆ. ಉಸಿರು ಬಿಟ್ಟು, ಕಣ್ಣು ಒರೆಸಿಕೊಂಡು, ಪಕ್ಕದವಳ ಸರದಿಗೆಂದು ತಲೆ ತಗ್ಗಿಸಿದಳು. ಗುಮಾಸ್ತ ಪಟ್ಟಿಯನ್ನು ಕಣ್ಣಿಗೆ ಹತ್ತಿರ ಹಿಡಿದುಕೊಂಡ. ಗಂಟಲು ಸರಿಮಾಡಿಕೊಂಡ.

"ಬಾಣಸಗಿತ್ತಿ ಬೊಮ್ಮಕ್ಕ."

ಮೈದಾನದಲ್ಲಿ ಯಾರೂ ಉತ್ತರಿಸಲಿಲ್ಲ. ಬೊಮ್ಮಕ್ಕ ತಲೆಯೆತ್ತಿ ಅತ್ತ ಇತ್ತ ನೋಡಿದಳು, ಆ ಹೆಸರಿನವಳು ಬೇರೆ ಯಾರಾದರೂ ಇರಬಹುದೇ ಎಂಬಂತೆ. ಪಕ್ಕದವಳು ಮೊಳಕೈಯಿಂದ ತಿವಿದು, "ನಿನ್ನೇ ಕಣೇ ಕೂಗ್ತಿರಾದು" ಎಂದಳು.

"ನನ್ನಾ?" ಎಂದಳು. ಆಮೇಲೆ ಗುಮಾಸ್ತನ ಕಡೆಗೆ ತಿರುಗಿ ಹೇಳಿದಳು, "ಇದೀನಿ ಕಣಪ್ಪ."

ಗುಮಾಸ್ತ ಬಾಯಿ ತೆರೆದ, ಮುಚ್ಚಿದ. ಅವನಿಗೆ ಬರುತ್ತಿದ್ದದ್ದು 'ಇದ್ದರು' ಒಂದೇ. ಅದು ಇಲ್ಲಿ ಕೂರಲಿಲ್ಲ. ಏನು ಹೇಳಲಿ ಎಂಬಂತೆ ನನ್ನ ಮುಖ ನೋಡಿದ. ನಾನು ಕೈಯಲ್ಲಿದ್ದ ಸ್ಕೇಲನ್ನು ನೋಡಿದೆ. ಬೊಮ್ಮಕ್ಕನಿಗೆ ತನ್ನ ಮಾತು ಅವನಿಗೆ ಕೇಳಿಸಲಿಲ್ಲವೇನೋ ಅನ್ನಿಸಿರಬೇಕು. ಒಂದು ಹೆಜ್ಜೆ ಮುಂದೆ ಬಂದು, ಅಡುಗೆಮನೆಯಿಂದ ಇನ್ನೂರು ಜನಕ್ಕೆ ಊಟಕ್ಕೆ ಕೂಗುವ ದನಿಯಲ್ಲಿ, "ಇದೀನೀ!" ಎಂದಳು.

ವೇದಿಕೆಯವರೆಗೂ ಕೇಳಿಸಿತು. ಮೈದಾನ ಎಷ್ಟು ನಿಶ್ಶಬ್ದವಾಯಿತೆಂದರೆ, ಹಿಂದಿನ ಸಾಲಿನಲ್ಲಿ ಯಾರೋ ಪದಕದ ಪಿನ್ನು ಬಿಚ್ಚಿದ ಸಣ್ಣ ಸದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಆಮೇಲೆ ಇನ್ನೊಂದು. ಆಮೇಲೆ ಮುಂದಿನ ಸಾಲಿನಲ್ಲೂ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡದೆ, ಸ್ವಂತ ಕೈಯಿಂದ, ಬಲಗಡೆಯಿಂದ ತೆಗೆದು ಎಡಗಡೆಗೆ ಚುಚ್ಚಿಕೊಳ್ಳುತ್ತಿದ್ದರು. ಸ್ಕೇಲು ಹಿಡಿದುಕೊಂಡೇ ನಿಂತಿದ್ದೆ. ಅಳೆಯಲು ನನ್ನನ್ನು ಯಾರೂ ಕರೆಯಲಿಲ್ಲ.